ಚಿಕ್ಕಣ್ಣನ ವಿಳಾಸ ಕೇಳಿದ ಪೇಟೆಂಟ್ ಪರೀಕ್ಷಕರಿಗೆ

ಮಾನ್ಯರೇ,

ತಮ್ಮ ಕುರ್ಚಿಗೂ, ಮೇಜಿನ ಮೇಲೆ ಗೋಡೆಯಂತೆ ಎದ್ದು ನಿಂತ ಕಡತಗಳಿಗೂ, ಆ ಗೋಡೆಯ ಹಿಂದೆ ಎಲ್ಲೋ ಇರುವ ತಮಗೂ ನನ್ನ ನಮಸ್ಕಾರಗಳು. ವಾಹನಗಳಿಗೆ ಬದಲಿ ವಿದ್ಯುತ್ ಒದಗಿಸುವ ನಮ್ಮ ಸಾಧನಕ್ಕೆ ಪೇಟೆಂಟ್ ಕೊಡಲಾಗದು ಎಂದು ತಾವು ಬರೆದ ಪತ್ರ ಕೈಸೇರಿತು. ಲಾರಿ, ವ್ಯಾನುಗಳ ಬೆನ್ನಿಗೆ ಪ್ರಾಸ ಕಟ್ಟಿ ಬರೆದುಕೊಡುವ ಅಂಗಡಿ ನನ್ನದು. ಅಕ್ಷರದ ಅಂದ ಬಲ್ಲವನು. ತಿರಸ್ಕಾರವನ್ನೂ ಇಷ್ಟು ಅಚ್ಚುಕಟ್ಟಾಗಿ, ಎಲ್ಲೂ ಎಡವದೆ, ಯಾರನ್ನೂ ಬಯ್ಯದೆ ಬರೆಯಬಹುದು ಎಂದು ಈಗ ಕಲಿತೆ. ಪ್ರಾಸವಿಲ್ಲ ಎಂಬುದೊಂದೇ ಕೊರತೆ. ತಮಗೆ ನೇರವಾಗಿ ಬರೆದರೆ ಪತ್ರ ಆ ಗೋಡೆಗೆ ಇನ್ನೊಂದು ಇಟ್ಟಿಗೆಯಾಗುತ್ತದೆ, ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರೆ ಕ್ಷೌರದಂಗಡಿಯಲ್ಲಾದರೂ ನಾಲ್ಕು ಜನ ಓದುತ್ತಾರೆ ಎಂಬ ಆಸೆಯಿಂದ ಹೀಗೆ ಬರೆಯುತ್ತಿದ್ದೇನೆ.

ಅರ್ಜಿಯಲ್ಲಿ ಬರೆಯಲು ಜಾಗವಿರದ ಹಿನ್ನೆಲೆಯನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ನನ್ನ ಹೆಂಡತಿ ಗಾಲಿಕುರ್ಚಿಯವರನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಾಳೆ. ವ್ಯಾನಿನ ಹಿಂಬದಿಯಲ್ಲಿ, ಗುಂಡಿ ಒತ್ತಿದರೆ ಕುರ್ಚಿಯ ಸಮೇತ ಮನುಷ್ಯರನ್ನು ಎತ್ತಿ ಇಳಿಸುವ ಹಲಗೆಯಿದೆ. ಆ ಹಲಗೆಯ ಖಾಯಂ ಪ್ರಯಾಣಿಕರು ಅವಳ ತಂದೆ, ಅಂದರೆ ನನ್ನ ಮಾವನವರು. ನೀರು ಸರಬರಾಜು ಕಚೇರಿಯಲ್ಲಿ ದಾಖಲೆ ಗುಮಾಸ್ತರಾಗಿ ನಿವೃತ್ತರಾದವರು. ಪ್ರತಿ ಸಂಜೆ ಗಡಿಯಾರ ರಿಪೇರಿ ಅಂಗಡಿಗೆ ಹೋಗಿ, ಅಂಗಡಿಯವರೊಂದಿಗೆ ಚದುರಂಗ ಆಡಿ, ಜಗಳವಾಡಿ, ಮತ್ತೆ ನಾಳೆ ಬರುತ್ತೇನೆಂದು ಬೆದರಿಸಿ ಬರುವುದು ಅವರ ದಿನಚರಿ. ಒಂದು ಸಂಜೆ ಅದೇ ಅಂಗಡಿಯ ಮುಂದೆ ಹಲಗೆ ಇಳಿಯುತ್ತಿರುವಾಗಲೇ ವ್ಯಾನಿನ ಬ್ಯಾಟರಿ ಕೈಕೊಟ್ಟಿತು. ಮಾವನವರು ಅತ್ತ ವ್ಯಾನಿನಲ್ಲೂ ಇಲ್ಲ, ಇತ್ತ ಬೀದಿಯಲ್ಲೂ ಇಲ್ಲ, ಮಧ್ಯದಲ್ಲಿ ತ್ರಿಶಂಕು. ನೆರೆದವರಲ್ಲಿ ಒಬ್ಬರು, "ಯಜಮಾನ್ರೇ, ಹೆಂಗೂ ಮೇಲಿದ್ದೀರಿ, ನಮ್ಮ ನೀರಿನ ಟ್ಯಾಂಕ್ ತುಂಬಿದೆಯಾ ನೋಡ್ಬಿಡಿ" ಎಂದರು. ನೀರು ಸರಬರಾಜು ಕಚೇರಿಯ ಮನುಷ್ಯನಿಗೆ ಈ ಮಾತು! ನಾಲ್ವರು ಹೆಗಲು ಕೊಟ್ಟು ಅವರನ್ನು ಇಳಿಸಿದರು. ಇಳಿದವರು ಆಟವನ್ನು ಅರ್ಧಕ್ಕೇ ಬಿಟ್ಟು, "ನಡೀರಿ ಮನೆಗೆ" ಎಂದರು. ಅಂದಿನಿಂದ ಹೊಸ್ತಿಲು ದಾಟಲಿಲ್ಲ. ಗಡಿಯಾರದವರು ಆ ಆಟವನ್ನು ಹಾಗೆಯೇ ಬಿಟ್ಟು, ಮೇಲೊಂದು ಬೋಗುಣಿ ಮಗುಚಿ, "ನಿಮ್ಮ ಮಾವ ಬರೋವರೆಗೂ ಇದನ್ನ ಯಾರೂ ಮುಟ್ಟೋ ಹಾಗಿಲ್ಲ" ಎಂದು ನನಗೆ ಹೇಳಿಕಳಿಸಿದರು.

ಹೆಂಡತಿ ಸುಮ್ಮನೆ ಕೂರುವವಳಲ್ಲ, ಸುಮ್ಮನೆ ಕೂರಲು ಬಿಡುವವಳೂ ಅಲ್ಲ. ವ್ಯಾನಿನ ಸೀಟಿನಡಿ ಒಂದು ಚಿಕ್ಕ ಬ್ಯಾಟರಿ ಪೆಟ್ಟಿಗೆ ಕೂರಿಸಿದಳು. ದೊಡ್ಡ ಬ್ಯಾಟರಿ ಗಟ್ಟಿಮುಟ್ಟಾಗಿರುವಾಗ ಇದು ಅದರಿಂದ ಉಂಡು ತೆಪ್ಪಗಿರುತ್ತದೆ. ದೊಡ್ಡದು ಸುಸ್ತಾದ ಕ್ಷಣ ಅದರ ಸಂಬಂಧ ಕಡಿದುಕೊಂಡು, ಅರ್ಧಕ್ಕೆ ನಿಂತ ಕೆಲಸ ಯಾವುದೋ ಅದನ್ನು ಮಾತ್ರ ಮುಗಿಸಿ ಮಲಗುತ್ತದೆ. ರೇಡಿಯೊ ಗೋಗರೆದರೂ ಒಂದು ಹನಿ ವಿದ್ಯುತ್ ಕೊಡುವುದಿಲ್ಲ. ಮನೆಯಲ್ಲಿ ನಾವು ದೊಡ್ಡದನ್ನು ದೊಡ್ಡಣ್ಣ, ಇದನ್ನು ಚಿಕ್ಕಣ್ಣ ಎಂದು ಕರೆಯುತ್ತೇವೆ. ಪರೀಕ್ಷೆಗಾಗಿ ನನ್ನನ್ನೇ ಹಲಗೆಯ ಮೇಲೆ ಕೂರಿಸಿ, ದೊಡ್ಡಣ್ಣನ ತಂತಿ ಕಿತ್ತಳು. ನಾನು ಮದುಮಗನಂತೆ ಮೆಲ್ಲಗೆ ನೆಲಕ್ಕಿಳಿದೆ. ಕಿಟಕಿಯಿಂದ ನೋಡುತ್ತಿದ್ದ ಮಾವನವರು, "ಅಳಿಯಂದಿರು ಇಳಿದರು ಅಂದ್ರೆ ಯಂತ್ರ ಸರಿಯಿದೆ ಅಂತಲ್ಲ ಮಗಳೇ, ಅಳಿಯಂದಿರಲ್ಲಿ ತೂಕ ಇಲ್ಲ ಅಂತ" ಎಂದರು.

ಮೊಹರಿಲ್ಲದ ಕಾಗದ ಕಾಗದವಲ್ಲ, ಮೊಹರಿಲ್ಲದ ಯಂತ್ರ ಯಂತ್ರವಲ್ಲ ಎಂಬುದು ಅವರ ಸಿದ್ಧಾಂತ. ಇದಕ್ಕೆ ಪೇಟೆಂಟ್ ತೆಗೆಸೋಣ ಎಂದು ನಾನು ಬಾಯಿ ತಪ್ಪಿ ಅಂದದ್ದೇ ತಡ, "ಸರ್ಕಾರದ ಮೊಹರು ಬೀಳುತ್ತಾ?" ಎಂದು ಕೇಳಿದರು. ಬೀಳುತ್ತದೆ ಎಂದೆ. "ಬಿದ್ದ ದಿನ ಹತ್ತುತ್ತೀನಿ." ಪೇಟೆಂಟ್ ಎಂದರೆ ಯಂತ್ರಕ್ಕೆ ಭರವಸೆಯಲ್ಲ ಮಾವ, ಬೇರೆಯವರು ನಕಲು ಮಾಡದಂತೆ ತಡೆಯುವ ಹಕ್ಕು ಅಷ್ಟೇ ಎಂದು ಬಿಡಿಸಿ ಹೇಳಿದರೆ, "ಕೆಟ್ಟದ್ದನ್ನ ಯಾರ್ರೀ ನಕಲು ಮಾಡ್ತಾರೆ?" ಎಂದು ನನ್ನ ಬಾಯಿ ಮುಚ್ಚಿಸಿದರು. ಹೀಗೆ, ಮಾನ್ಯರೇ, ಒಬ್ಬ ಹಿರಿಯರ ಸಂಜೆಗಳೆಲ್ಲ ತಮ್ಮ ಮೊಹರಿನ ಕೆಳಗೆ ಬಂದು ಕುಳಿತವು.

ಅರ್ಜಿ ಬರೆಯುವ ಹೊಣೆ ಮನೆಯಲ್ಲಿ ಪದವಿ ಪಡೆದ ಏಕೈಕ ವ್ಯಕ್ತಿಯಾದ ನನ್ನ ಮೇಲೆ ಬಿತ್ತು. ಸಾಧನದಲ್ಲಿ ನಮ್ಮದೇನೆಂದು ಸಾರುವ ಪ್ರತಿಯೊಂದು ಹಕ್ಕುಕೋರಿಕೆಯೂ ಒಂದೇ ವಾಕ್ಯದಲ್ಲಿರಬೇಕು, ಎಷ್ಟೇ ಉದ್ದವಾದರೂ ನಡುವೆ ಪೂರ್ಣವಿರಾಮ ಬರಕೂಡದು ಎಂಬ ನಿಯಮ ಓದಿ ಹೆಂಡತಿಗೆ ಹೆದರಿಕೆಯೇ ಆಗಲಿಲ್ಲ. ನನ್ನನ್ನು ತರಾಟೆಗೆ ತೆಗೆದುಕೊಳ್ಳುವಾಗ ಅವಳು ಪಾಲಿಸುವುದೂ ಅದೇ ನಿಯಮ. ಒಮ್ಮೆ ಹೆಸರಿಸಿದ ವಸ್ತುವಿನ ಮುಂದೆ ಮತ್ತೆ ಮತ್ತೆ 'ಸದರಿ' ಹಾಕಬೇಕೆಂದು ತಿಳಿದ ಮೇಲಂತೂ, "ಸದರಿ ಗಂಡ ಸದರಿ ಅಂಗಡಿಯಿಂದ ಬರುವಾಗ ಸದರಿ ಸೋಪು ಮರೆಯದೆ ತರತಕ್ಕದ್ದು" ಎಂದು ಚೀಟಿ ಬರತೊಡಗಿತು. ನನ್ನ ಕೈಯೋ, ಪ್ರಾಸಕ್ಕೆ ಪಳಗಿದ್ದು. ಮೊದಲ ಹಕ್ಕುಕೋರಿಕೆ ಹೀಗೆ ಹರಿದುಬಂತು:

ದೊಡ್ಡಣ್ಣ ದಣಿದಾಗ ಚಿಕ್ಕಣ್ಣ ಎದ್ದು,
ಅರ್ಧಕ್ಕೆ ನಿಂತುದ ಮುಗಿಸುವನು ಖುದ್ದು

ಪೂರ್ಣವಿರಾಮ ಎಲ್ಲೂ ಇಲ್ಲವೆಂಬುದನ್ನು ದಯಮಾಡಿ ಗಮನಿಸಬೇಕು. ತಾವು ಗಮನಿಸಿದ್ದು ಬೇರೆ. ಸಾಧನವನ್ನು ರೂಪಿಸಿದವರೆಲ್ಲರ ಹೆಸರು, ವಿಳಾಸ ಕೊಡುವುದು ಕಡ್ಡಾಯವೆಂದೂ, ದೊಡ್ಡಣ್ಣ, ಚಿಕ್ಕಣ್ಣ ಎಂಬಿಬ್ಬರ ಪಾತ್ರ ಅರ್ಜಿಯುದ್ದಕ್ಕೂ ಎದ್ದು ಕಾಣುತ್ತಿದ್ದರೂ ಅವರ ವಿಳಾಸವಾಗಲಿ ಸಹಿಯಾಗಲಿ ಇಲ್ಲವೆಂದೂ ತಾವು ಆಕ್ಷೇಪ ಎತ್ತಿದಿರಿ. ಚಿಕ್ಕಣ್ಣನ ವಿಳಾಸ 'ಚಾಲಕಿಯ ಸೀಟಿನ ಕೆಳಗೆ' ಎಂದು ನಾವು ಬರೆದೆವು. ಅಲ್ಲಿ ವಾಸಿಸುವುದಕ್ಕೆ ಪುರಾವೆ ಏನು ಎಂದು ತಾವು ಕೇಳಿದಿರಿ. ಇಂಥ ಕಣ್ಣು ಕೆಲಸಕ್ಕೆ ಸಿಗುವುದು ಅಪರೂಪ.

ಕೊನೆಗೆ ಅಣ್ಣಂದಿರಿಬ್ಬರನ್ನೂ ಅರ್ಜಿಯಿಂದ ಹೊರಹಾಕಿ, ಪ್ರಾಸವನ್ನು ಮುರಿದು, ಒಣ ಗದ್ಯದಲ್ಲಿ ಬರೆದುಕೊಟ್ಟೆವು. ಆಗ ತಾವು ಹಳೆಯ ಎರಡು ದಾಖಲೆಗಳನ್ನು ಹೊರತೆಗೆದಿರಿ. ಒಂದು, ಮೀನುಗಾರರ ದೋಣಿಗೆ ಹೆಚ್ಚುವರಿ ಮೋಟಾರು. ಇನ್ನೊಂದು, ಶಸ್ತ್ರಚಿಕಿತ್ಸೆಯ ಕೋಣೆಗೆ ಆರದ ದೀಪ. ಇವೆರಡನ್ನೂ ಕೂಡಿಸಿದರೆ ನಮ್ಮ ವ್ಯಾನು ಬರುತ್ತದೆಂಬುದು ತಮ್ಮ ವಾದ. ಚಿಕ್ಕಮ್ಮನಿಗೆ ಮೀಸೆ ಕೂಡಿಸಿದರೆ ಚಿಕ್ಕಪ್ಪ ಬರುವುದಾದರೆ ಇದೂ ಬಂದೀತು. ಹೆಂಡತಿ ಮಾತ್ರ ಆ ರಾತ್ರಿ ಉಣ್ಣದೆ, "ದೋಣಿಗೆ ದೀಪ ಕಟ್ಟಿ ಅಪ್ಪನ್ನ ಇಳಿಸಿ ತೋರಿಸ್ಲಿ, ನಾನೇ ಅರ್ಜಿ ಹರಿದು ಹಾಕ್ತೀನಿ" ಎಂದಳು. ಬೆಳಿಗ್ಗೆ ಎದ್ದು ಮತ್ತೆ, "ನನ್ನ ಹೆಸರು ಒಂದು ಕಾಗದದ ಮೇಲೆ ಬಂದಿದ್ರೆ ಅಪ್ಪ ಹತ್ತೋರು, ಅಲ್ವೇನ್ರೀ?" ಎಂದಾಗ ನಾನು ತಮ್ಮ ಮುಂದೆ ವಿಚಾರಣೆಗೆ ದಿನ ಕೇಳಿ ಕಾಗದ ಬರೆದೆ.

ತಮ್ಮ ಅಂತಿಮ ಪತ್ರದಲ್ಲಿ, 'ಈ ಕಲೆಯಲ್ಲಿ ನುರಿತ ಸಾಮಾನ್ಯ ವ್ಯಕ್ತಿಗೆ' ಇದೆಲ್ಲ ತಾನಾಗಿಯೇ ಹೊಳೆಯುವಂಥದ್ದು, ಹಾಗೆ ಸ್ಪಷ್ಟವಾದದ್ದಕ್ಕೆ ಪೇಟೆಂಟ್ ಇಲ್ಲ ಎಂದಿದ್ದೀರಿ. ಆ ಮಹನೀಯರನ್ನು ಕಾಣುವ ಭಾಗ್ಯ ನಮಗಿನ್ನೂ ಒದಗಿಲ್ಲ. ಅವರಿಗೆ ಬಿಡುವಿದ್ದರೆ ನಮ್ಮ ಬಚ್ಚಲಿನ ಸೋರುವ ನಲ್ಲಿಯನ್ನೂ ಒಮ್ಮೆ ತೋರಿಸಬೇಕಿತ್ತು. ಮೊದಲೇ ಹೊಳೆದರೂ ಯಾರಿಗೂ ಹೇಳದೆ, ಇನ್ನೊಬ್ಬರು ಮಾಡಿ ಮುಗಿಸಿದ ಮೇಲೆ "ಇಷ್ಟೇನಾ?" ಎನ್ನುವ ಸ್ವಭಾವ ಅವರದಾದರೆ, ಅವರು ಬಹುಶಃ ನನ್ನ ದೊಡ್ಡಪ್ಪನ ಮಗನೇ ಇರಬೇಕು, ವಿಳಾಸ ನಾನೇ ಕೊಡುತ್ತೇನೆ.

ಈಗ ಮುಖ್ಯ ವಿಷಯ. ತಮ್ಮ ತಿರಸ್ಕಾರ ಪತ್ರವನ್ನು ಮಾವನವರಿಂದ ಮುಚ್ಚಿಡಲು ನೋಡಿದೆವು, ಆಗಲಿಲ್ಲ. ಲಕೋಟೆಯ ವಾಸನೆಯಲ್ಲೇ ಇಲಾಖೆ ಹೇಳುವವರು ಅವರು. ಮೊದಲು ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕಡತದ ಸಂಖ್ಯೆ, ಸಹಿ, ತಾರೀಖು. ಕೊನೆಗೆ ಒಕ್ಕಣೆ. 'ಮುಖ್ಯ ಬ್ಯಾಟರಿ ನಿಂತಾಗ ಬದಲಿ ಬ್ಯಾಟರಿಯು ಹಲಗೆಯನ್ನು ಸುರಕ್ಷಿತವಾಗಿ ಕೆಳಗಿಳಿಸುತ್ತದೆ ಎಂಬುದು ಯಾರಿಗಾದರೂ ಸ್ಪಷ್ಟ' ಎಂಬ ತಮ್ಮ ಸಾಲಿನ ಮೇಲೆ ಅವರ ಬೆರಳು ನಿಂತಿತು. "ಅಳಿಯಂದಿರೇ, ಕಾಗದ ಓದೋಕೆ ಬರಲ್ವಾ ನಿಮಗೆ? ಕೆಳಗಿಳಿಸುತ್ತದೆ ಅಂತ ಸರ್ಕಾರವೇ ಬರೆದುಕೊಟ್ಟಿದೆ. ಸುರಕ್ಷಿತವಾಗಿ ಅಂತೆ. ಅದೂ ಯಾರಿಗಾದರೂ ಸ್ಪಷ್ಟ ಅಂತೆ! ಇಷ್ಟು ಗಟ್ಟಿಯಾಗಿ ನನ್ನ ಇಡೀ ಸರ್ವೀಸಲ್ಲಿ ಯಾವ ಸಾಹೇಬರೂ ಬರೆದಿದ್ದಿಲ್ಲ. ಮಗಳೇ, ಗಾಡಿ ತೆಗಿ." ಇದು ತಿರಸ್ಕಾರ ಮಾವ ಎಂದು ಹೇಳಲು ನಾನು ಬಾಯಿ ತೆರೆದೆ, ಹೆಂಡತಿ ನನ್ನ ಕಾಲು ತುಳಿದಳು.

ಗಡಿಯಾರದ ಅಂಗಡಿಯ ಮುಂದೆ ಹಲಗೆ ಇಳಿಯುವಾಗ, ನಡುದಾರಿಯಲ್ಲಿ, ಆ ಪುಣ್ಯಾತ್ಗಿತ್ತಿ ಬೇಕೆಂದೇ ದೊಡ್ಡಣ್ಣನ ತಂತಿ ಕಿತ್ತಳು. ಹಲಗೆ ನಿಂತಂತೆ ಮಾಡಿ, ಒಂದು ಚೂರು ಗುರುಗುಟ್ಟಿ, ಮತ್ತೆ ಇಳಿಯಿತು. ನೆಲ ಮುಟ್ಟಿದ ಮೇಲೆ ಮಾವನವರು ತಮ್ಮ ಪತ್ರವಿದ್ದ ಜೇಬು ಮುಟ್ಟಿಕೊಂಡು, "ಸ್ಪಷ್ಟ" ಎಂದರು. ಗಡಿಯಾರದವರು ಬೋಗುಣಿ ಎತ್ತಿದರು. "ನನ್ನ ಕುದುರೆ ಎಲ್ಲಿ?" ಎಂದು ಇವರು, "ನೀವು ಮನೇಲಿ ಕೂತಿದ್ರಿ, ಅದು ಎಷ್ಟು ದಿನ ಕಾಯುತ್ತೆ?" ಎಂದು ಅವರು. ಬೀದಿಯ ಕೊನೆಯವರೆಗೂ ಕೇಳುವಂತೆ ಜಗಳ ಶುರುವಾಯಿತು. ಹೆಂಡತಿ ಸ್ಟಿಯರಿಂಗಿಗೆ ತಲೆಯಿಟ್ಟು ನಗುತ್ತಿದ್ದಳು. ಕಣ್ಣು ಒರೆಸಿಕೊಂಡದ್ದು ನಗುವಿನಿಂದಲೇ ಎಂದು ದಾಖಲೆಗೆ ಸೇರಿಸಿಕೊಳ್ಳಬೇಕು.

ಆದ್ದರಿಂದ ನನ್ನ ವಿನಂತಿ ಸ್ವಲ್ಪ ತೊಡಕಿನದು. ನಾವು ಮರುಪರಿಶೀಲನೆಗೆ ಅರ್ಜಿ ಹಾಕಿದ್ದೇವೆ, ಏಕೆಂದರೆ ನನ್ನ ಹೆಂಡತಿಯ ಹೆಸರು ಆ ಕಾಗದದ ಮೇಲೆ ಬರಲೇಬೇಕು. ಆದರೆ ಪೇಟೆಂಟ್ ಕೊಡುವ ಭರದಲ್ಲಿ 'ಇದು ಸ್ಪಷ್ಟವಲ್ಲ' ಎಂದು ಮಾತ್ರ ದಯವಿಟ್ಟು ಬರೆಯಬೇಡಿ. ಮಾವನವರು ಆ ಕ್ಷಣವೇ ವ್ಯಾನಿನಿಂದ ಇಳಿದುಬಿಡುತ್ತಾರೆ. ಯಾರಿಗೂ ಹೊಳೆಯದ್ದು, ಆದರೆ ಎಲ್ಲರಿಗೂ ಸ್ಪಷ್ಟವಾದದ್ದು ಎಂದು ಒಂದೇ ವಾಕ್ಯದಲ್ಲಿ, ನಡುವೆ ಪೂರ್ಣವಿರಾಮವಿಲ್ಲದೆ ಬರೆದುಕೊಡಿ. ತಮ್ಮ ಕಚೇರಿಗೆ ಇದೇನು ದೊಡ್ಡ ಕೆಲಸವಲ್ಲ. ಮೊಹರು ಮಾತ್ರ ಗಾಢವಾಗಿರಲಿ. ಹಳೆಯದು ಜೇಬಿನ ಬೆವರಿಗೆ ಮಾಸುತ್ತಿದೆ.

ಹಕ್ಕು ಸಿಗದಿದ್ದರೂ ನಕ್ಕು ಬರೆದ,

ತಮ್ಮ ವಿಶ್ವಾಸಿ,
ಸದರಿ ಗಂಡ

ತಾ.ಕ.: ವಿಚಾರಣೆಯ ದಿನ ವಿದ್ಯುತ್ ಹೋಗಿ ತಮ್ಮ ಕಚೇರಿಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತದ್ದು ನೆನಪಿರಬಹುದು. ಹೊರಗೆ ಕಾಯುತ್ತಿದ್ದ ನಮಗೆ ಬಾಗಿಲಿನ ಸಂದಿಯಲ್ಲಿ ತಮ್ಮ ಬೂಟುಗಳಷ್ಟೇ ಕಾಣುತ್ತಿದ್ದವು. ನುರಿತ ವ್ಯಕ್ತಿಗಳಿಂದಲೇ ತುಂಬಿದ ಆ ಕಟ್ಟಡದಲ್ಲಿ ಯಾರಿಗೂ ಏನೂ ಹೊಳೆಯಲಿಲ್ಲ. "ಅರ್ಧಕ್ಕೆ ನಿಂತ್ರೆ ಪೂರ್ತಿ ಇಳಿಸೋಕೆ ಏನಾದ್ರೂ ಒಂದು ಮಾಡಿಡಬಾರದೇನ್ರಯ್ಯಾ?" ಎಂದು ಒಳಗಿನಿಂದ ಕೂಗಿದವರು ತಾವೇ. ಕೊನೆಗೆ ಹೊರಬಂದಾಗ ತಮ್ಮ ಕಂಕುಳಲ್ಲಿದ್ದದ್ದು ನಮ್ಮ ಕಡತ.