‘ಲೈಕ್’ ಹಾಕದೆ ಆಡಿದ ಮಾತು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಮಂಗಳವಾರ, ಆರನೇ ಕ್ಲಾಸಿನ ಇಂಗ್ಲಿಷ್ ಪೀರಿಯಡ್ಡಿನ ನಡುವೆಯೇ ಎದ್ದು. ಆಮೇಲೆ ಎಲ್ಲೂ ನಿಂತವನಲ್ಲ. ಆದರೂ ಎಲ್ಲಿಗೆ ಹೋದರೂ ಆ ಇಂಗ್ಲಿಷ್ ಹುಡುಕಿಕೊಂಡು ಬಂದು ಗಂಟುಬೀಳುತ್ತಲೇ ಇರುತ್ತದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಪೀಣ್ಯದ ಒಂದು ಸ್ಪ್ರಿಂಗ್ ಫ್ಯಾಕ್ಟರಿಯಲ್ಲಿ ಹೆಲ್ಪರ್ ಆಗಿದ್ದೆ. ಇಂಗ್ಲಿಷಿನಲ್ಲಿ ಶಿಫ್ಟ್ ರಿಪೋರ್ಟ್ ಬರೆಯಲು ಬಂದರೆ ಪರ್ಮನೆಂಟ್ ಮಾಡುತ್ತೇವೆ ಎಂದರು. ಅಲೆದು ಸಾಕಾಗಿತ್ತು, ಮೊದಲ ಬಾರಿಗೆ ಒಂದು ಕಡೆ ನಿಲ್ಲೋಣ ಅನ್ನಿಸಿತು.

೧

ನಮ್ಮ ಬ್ಯಾಚಿನ ಊಟದ ಬಿಡುವಿನಲ್ಲಿ, ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ರಿಟೈರ್ಡ್ ಮೇಷ್ಟ್ರು ಇಂಗ್ಲಿಷ್ ಪಾಠ ಹೇಳುತ್ತಿದ್ದರು. ‘ಲೈಕ್’, ‘ಆ್ಯಸ್’ ಹಾಕಿ ಹೋಲಿಸಿದರೆ ಅದು ಸಿಮಿಲಿ. ಏನೂ ಹಾಕದೆ ನೇರವಾಗಿ ಹೇಳಿ, ಅರ್ಥ ಮಾತ್ರ ಬೇರೆ ಇದ್ದರೆ ಈಡಿಯಂ, ಅಂದರೆ ನುಡಿಗಟ್ಟು. ಉದಾಹರಣೆಗೆ ಸಿಮಿಲಿ, “ಆ್ಯಸ್ ಸೈಲೆಂಟ್ ಆ್ಯಸ್ ದ ಗ್ರೇವ್,” ಸಮಾಧಿಯಷ್ಟು ಮೌನ, ಎಂದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಎಲ್ಲ ಮೆಷಿನ್ನುಗಳೂ ಒಂದೇ ಸಲ ನಿಂತವು, ಪಕ್ಕದ ಶೆಡ್ಡುಗಳೂ ಸೇರಿ. ಹೊರಗೆ ಒಂದು ಕಾಗೆಯೂ ಕೂಗಲಿಲ್ಲ. ಮೇಷ್ಟ್ರು ಮೆಲ್ಲಗೆ, “ನೋಡಿದ್ರಾ, ಇದೇ ಸಿಮಿಲಿ” ಎಂದರು.

೨

ಮಾಕಳಿಯಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆಗಿದ್ದೆ. ಒಂದು ದಿನ ಜಗುಲಿಯಲ್ಲಿ ಕೂತು, ನಮ್ಮ ಸೂಪರ್‌ವೈಸರನ್ನು ನೆನೆದು, “ಹಿ ಹ್ಯಾಸ್ ಒನ್ ಫುಟ್ ಇನ್ ದ ಗ್ರೇವ್” ಎಂದು ಬಾಯಿಪಾಠ ಮಾಡುತ್ತಿದ್ದೆ. ಅಂಗಂದ್ರೇನು ಎಂದಳು ಅಜ್ಜಿ. ತೀರಾ ವಯಸ್ಸಾಗಿದೆ ಅಂತ ಅರ್ಥ, ಆದರೆ ಮಾತಿನಲ್ಲಿ ಇರೋದು ಒಂದು ಕಾಲು ಹೆಣ ಹೂಳೋ ಗುಂಡಿಯೊಳಗಿದೆ ಅಂತ, ಎಂದೆ. ಅಜ್ಜಿ ರಾಗಿ ಕೇರುವುದನ್ನು ನಿಲ್ಲಿಸಿದಳು.

“ಐತೆ ಅನ್ಬ್ಯಾಡ ಕಣಪ್ಪ, ಇದ್ದಂಗೈತೆ ಅನ್ನು. ಇದ್ದಂಗೆ ಅಂದ್ರೆ ದೂರ ನಿಂತ್ಕತದೆ. ಐತೆ ಅಂದ್ರೆ ಬಂದ್ಬುಡ್ತದೆ.”

ಗುರುವಾರ ಸೂಪರ್‌ವೈಸರು ಹೊಸ ಮೆಷಿನ್ನಿಗೆ ತೋಡಿದ್ದ ಗುಂಡಿಯೊಳಗೆ ಒಂದೇ ಕಾಲಿಟ್ಟು ಬಿದ್ದು ಮೂಳೆ ಮುರಿದುಕೊಂಡರು. ಸುದ್ದಿ ಹೇಳಿದರೆ ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. “ಇನ್ನೊಂದು ಕಾಲಿಗೆ ಏನಾರ ಅಂದಿದ್ಯಾ?” ಎಂದಷ್ಟೇ ಕೇಳಿದಳು.

೩

ಪರೀಕ್ಷೆಗೆಂದು ಒಂದು ವಾರ ರಿಪೋರ್ಟ್ ನನ್ನ ಕೈಗೆ ಕೊಟ್ಟರು. ಮೂರನೇ ನಂಬರ್ ಮೆಷಿನ್ ಕೆಟ್ಟು ನಿಂತಿತ್ತು. “ಗೇವ್ ಅಪ್ ದ ಘೋಸ್ಟ್” ಎಂದು ಬರೆದೆ. ಪ್ರಾಣ ಬಿಟ್ಟಿತು ಅಂತ ಅರ್ಥ, ದೆವ್ವವನ್ನು ಹೊರಬಿಟ್ಟಿತು ಅನ್ನೋದು ಬರೀ ಮಾತು ಅಷ್ಟೇ, ಎಂದು ಆಪರೇಟರಿಗೆ ಬಿಡಿಸಿಯೂ ಹೇಳಿದೆ. ಮಧ್ಯಾಹ್ನ, ಫ್ಯೂಸ್ ಕಿತ್ತಿಟ್ಟಿದ್ದ ಆ ಮೆಷಿನ್ನಿನ ಚಕ್ರ ಮೆಲ್ಲಗೆ ಅರ್ಧ ಸುತ್ತು ತಿರುಗಿ ನಿಂತಿತು. ಆಮೇಲೆ ಯಾರೂ ಅದರ ಹತ್ತಿರ ಹೋಗಲಿಲ್ಲ.

“ಬಾಯಲ್ಲಿ ಅಂದಿದ್ರೆ ಗಾಳಿಗೆ ಹೋಗ್ತಿತ್ತು ಗುರು. ನೀನು ಬರ್ದು ಸೈನ್ ಹಾಕಿದೀಯ” ಎಂದ ಆಪರೇಟರ್.

ಮ್ಯಾನೇಜರು ಬಿ.ಇ. ಓದಿದವರು. ಇದೆಲ್ಲ ಮೂಢನಂಬಿಕೆ ಎಂದು ಎಲ್ಲರನ್ನೂ ಬೈದರು. ನಂತರ ನನ್ನನ್ನು ಕ್ಯಾಬಿನ್ನಿಗೆ ಕರೆದು, ಬಾಗಿಲು ಹಾಕಿ, “ಎಲ್ಲಾದ್ರೂ ಒಂದು ‘ಲೈಕ್’ ಸೇರಿಸ್ಬಿಡಪ್ಪ” ಎಂದರು.

೪

ಸೇರಿಸಿದೆ. ಮೆಷಿನ್ ರಿಪೇರಿಯಾಯಿತು. ಶನಿವಾರ ಪರ್ಮನೆಂಟ್ ಆರ್ಡರೂ ಬಂತು. ಅದನ್ನು ಎರಡು ಸಲ ಓದಿದೆ, ಎಲ್ಲ ಸರಿಯಾಗಿತ್ತು. ಆಗ ಮ್ಯಾನೇಜರು ನನ್ನ ಹೆಗಲ ಮೇಲೆ ಕೈಯಿಟ್ಟು, “ನೌ ಯು ಆರ್ ಪಾರ್ಟ್ ಆಫ್ ದ ಫರ್ನಿಚರ್” ಎಂದರು.

ಇಲ್ಲಿಯವನೇ ಆಗಿಹೋದೆ ಅಂತ ಅರ್ಥ, ನನಗೆ ಗೊತ್ತಿತ್ತು. ಆದರೆ ಅವರು ಆಡಿದ ಮಾತು, ನೀನಿನ್ನು ಕುರ್ಚಿ ಮೇಜುಗಳಲ್ಲಿ ಒಂದು ಅಂತ.

“ಸಾರ್, ‘ಲೈಕ್’ ಹೇಳ್ಲಿಲ್ವಲ್ಲ ನೀವು?”

“ಈಡಿಯಮ್ಮಿಗೆ ಲೈಕ್ ಯಾಕಯ್ಯ?” ಎಂದು ನಕ್ಕರು. ಅವರು ಕೈ ತೆಗೆಯುವಷ್ಟರಲ್ಲಿ ನನ್ನ ಎರಡೂ ಮೊಣಕಾಲು ಮರಗಟ್ಟಿದ್ದವು.

ಆರ್ಡರನ್ನು ಅವರ ಮೇಜಿನ ಮೇಲೇ ಬಿಟ್ಟು ರೂಮಿಗೆ ಬಂದೆ. ಬಟ್ಟೆಗಳನ್ನು ಗಂಟು ಕಟ್ಟುವಾಗ, ಬೆರಳುಗಳು ಇನ್ನೂ ಬಗ್ಗುತ್ತಿವೆಯೇ ಎಂದು ಎರಡೆರಡು ಸಲ ನೋಡಿಕೊಂಡೆ.