ಜನ ಹಿಡಿಸದ ಲೆನ್ಸು

ಕ್ಯಾಮೆರಾ ಕೊಳ್ಳುವ ಸಂಗತಿಯನ್ನು ಪ್ರಸನ್ನ ಕುಮಾರ್ ಹೆಂಡತಿಗೆ ಬಿಟ್ಟು ಇನ್ನಾರಿಗೂ ಹೇಳಿರಲಿಲ್ಲ. ಹೇಳಿದ್ದೂ ಹಿತ್ತಲಲ್ಲಿ, ಮೆಲುದನಿಯಲ್ಲಿ. ಆದರೆ ಗೋಡೆಯಾಚೆ ಪಕ್ಕದ ಮನೆಯ ಹನುಮಕ್ಕ ಬಟ್ಟೆ ಒಣಹಾಕುತ್ತಿದ್ದಳು.

ಭಾನುವಾರ ಬೆಳಗ್ಗೆ ಬಾಗಿಲು ತೆಗೆದರೆ ಆಕೆ ಹೊಸಿಲಲ್ಲೇ ನಿಂತಿದ್ದಳು.

“ನಮ್ಮ ಮಗಳು ಆಶಾರಾಣಿ ಸೀಮಂತ ಇವತ್ತು. ಗೊತ್ತು ಮಾಡಿದ್ದ ಫೋಟೊದವನ್ನ ಬರಬ್ಯಾಡ ಅಂದ್ಬುಟ್ಟೆ ಕಣಪ್ಪ. ಮನೆ ಮಗನಂಗೆ ನೀನೇ ಇದ್ದೀಯಲ್ಲ!”

ಕಚೇರಿಯ ಗುಮಾಸ್ತನಾದ ಪ್ರಸನ್ನನಿಗೆ ಬಿಡುವೆಂದು ದಕ್ಕುವುದು ಭಾನುವಾರವೊಂದೇ. ಶಿರಾ ಕಡೆಯ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟಿರುವ ಬಣ್ಣದ ಕೊಕ್ಕರೆಗಳ ಫೋಟೊ ಹಿಡಿಯಬೇಕೆಂಬುದು ಅವನ ಬಹುದಿನದ ಹಂಬಲ. ಮರಿಗಳಿಗೆ ರೆಕ್ಕೆ ಬಲಿತಿತ್ತು. ಮುಂದಿನ ಭಾನುವಾರ ತಪ್ಪಿದರೆ ಗೂಡು ಖಾಲಿ. ಇವತ್ತು ಸೀಮಂತಕ್ಕೆ ಒಪ್ಪಿದರೆ ಆಮೇಲೆ ನಾಮಕರಣ, ಗೃಹಪ್ರವೇಶ… ಬೀದಿಯ ಶುಭಕಾರ್ಯಗಳಿಗೆ ಕೊನೆಯೆಲ್ಲಿ?

ಮಧುಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಸ್ಟುಡಿಯೊ ಇಟ್ಟಿದ್ದ ಮಲ್ಲೇಶ್ ತನ್ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಅಗ್ಗಕ್ಕೆ ಕೊಡಲು ಒಪ್ಪಿದ್ದ. ಹನುಮಕ್ಕನಿಗೆ ಹೂಂ ಎಂದು ಪ್ರಸನ್ನ ನೇರ ಅಲ್ಲಿಗೆ ಹೋದ. ಪ್ರಸನ್ನನ ದುಡ್ಡಿಗೆ ಅದರ ಜೊತೆ ಬರುವುದು ಒಂದೇ ಲೆನ್ಸು: ಗಿಡ್ಡದ್ದು, ಇಲ್ಲವೇ ಉದ್ದದ್ದು.

“ಮೊದ್ಲನೇ ಕ್ಯಾಮೆರಾಗೆ ಗಿಡ್ಡದ್ದೇ ಸರಿ ಸಾರ್. ಮನೆ, ಮಕ್ಕಳು, ಮದ್ವೆ ಎಲ್ಲಾ ಹಿಡಿಸ್ತದೆ. ಉದ್ದದ್ದು ದೂರದ ಹಕ್ಕೀಗೇನೋ ಸೈ. ಮನೆಯೊಳಗೆ ತಗುದ್ರೆ ಮೂಗು ಬಂದ್ರೆ ಬಾಯಿ ಬರಲ್ಲ.”

ಮಂಗಳಾರತಿಯ ಬೆಳಕು ಬಿದ್ದಂತೆ ಪ್ರಸನ್ನನ ಮುಖ ಅರಳಿತು. “ಬಾಯಿ ಬರಲ್ವಾ? ಹಂಗಾರೆ ಅದನ್ನೇ ಕೊಡು!”

ಒಮ್ಮೆ ಆ ಫೋಟೊ ನೋಡಿದವರು ಇನ್ನು ಜನ್ಮದಲ್ಲಿ ತನ್ನನ್ನು ಕರೆಯಲಾರರು ಎಂದು ಅವನ ಎಣಿಕೆ.

ಮಧ್ಯಾಹ್ನ ಹನುಮಕ್ಕನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರೆಮಾಚಬಾರದೆಂದು ಪ್ರಸನ್ನ ಮೊದಲೇ ಹೇಳಿದ: “ಅಕ್ಕ, ಇದ್ರಲ್ಲಿ ಜನ ಪೂರ್ತಿ ಹಿಡಿಸಲ್ಲ.”

“ಹಿಡಿಸಿದಷ್ಟು ಹಿಡಿಸ್ಲಿ ಬಾರಪ್ಪ!”

ಆದರೂ ಮನಸ್ಸು ತಡೆಯದೆ, ಬಸುರಿಯನ್ನು ಇಡಿಯಾಗಿ ಹಿಡಿಯಲು ಹಿಂದೆ ಸರಿದ. ಗೋಡೆ ಬೆನ್ನಿಗೆ ತಾಗಿತು. ಬಾಗಿಲು ದಾಟಿದ, ಜಗಲಿ ಇಳಿದ, ರಸ್ತೆಯಾಚೆಗೂ ಹೋಗಿ ನಿಂತ. ಆಶಾರಾಣಿಯ ತಲೆ, ಕಾಲು ಒಟ್ಟಿಗೆ ಕಂಡವು ಎನ್ನುವಷ್ಟರಲ್ಲಿ ನಡುವೆ ಕುರಿಮಂದೆ ನುಗ್ಗಿತು.

“ಏಮಪ್ಪಾ ಇದಿ!” ಪಾವಗಡದಿಂದ ಬಂದಿದ್ದ ತೆಲುಗು ಮಾತಿನ ಬೀಗಿತ್ತಿ ಕೊಲ್ಲಾಪುರಮ್ಮ ಒಳಗಿನಿಂದಲೇ ಕೂಗಿದಳು. “ಫೋಟೊ ತೆಗಿಯೋ ಅಂದ್ರೆ ಊರೇ ಬಿಟ್ಟು ಹೋಗ್ತಾವ್ನೆ!”

ಎಲ್ಲರೂ ಗೊಳ್ಳೆಂದರು. ಪ್ರಸನ್ನ ಒಳಗೆ ಬಂದವನೇ ಹಟಕ್ಕೆ ಬಿದ್ದು ನಿಂತಲ್ಲಿಂದಲೇ ಒಂದೇ ಸಮನೆ ಕ್ಲಿಕ್ಕಿಸಿದ. ಒಬ್ಬರ ಕಿವಿ, ಇನ್ನೊಬ್ಬರ ಮೂಗು, ಒಂದು ಕತ್ತು, ಅರ್ಧ ತೋಳು. ಇಡೀ ಮನುಷ್ಯರು ಒಬ್ಬರೂ ಇಲ್ಲ.

ಸಂಜೆ ಹನುಮಕ್ಕನ ಟಿವಿಯಲ್ಲಿ ಫೋಟೊ ಹಾಕಿದರು. ಮೊದಲನೆಯದೇ ಬೀಗಿತ್ತಿಯ ಕಿವಿ. ಟಿವಿಯ ಈ ಅಂಚಿನಿಂದ ಆ ಅಂಚಿಗೆ ಮೊರದಂತೆ ಹರಡಿಕೊಂಡಿತ್ತು. ಪ್ರಸನ್ನ ಬೈಗುಳಕ್ಕೆ ತಲೆಯೊಡ್ಡಿ, ಮನಸ್ಸಿನಲ್ಲೇ ಕೊಕ್ಕರೆಗಳಿಗೆ ಕೈಮುಗಿದ.

“ಅಬ್ಬಬ್ಬಾ!” ಕೊಲ್ಲಾಪುರಮ್ಮ ಎದ್ದೇ ನಿಂತಳು. “ನನ್ನ ಜುಮಕಿ! ಮುತ್ತು ಮುತ್ತೂ ಕಾಣ್ತೈತೆ!”

“ಹಿಂಗಿರ್ಬೇಕು ಫೋಟೊ ಅಂದ್ರೆ!” ಹನುಮಕ್ಕ ತೊಡೆ ತಟ್ಟಿದಳು. “ಆ ಫೋಟೊದೋರು ಮುಖಾನೆಲ್ಲಾ ತುಂಬ್ಸಿ ಒಡವೇನ ಸಾಸ್ವೆಕಾಳು ಮಾಡ್ಬುಡ್ತಾರೆ. ಮುಖ ದಿನಾ ನೋಡಲ್ವಾ? ಬೀರುವಿನಿಂದ ಒಡವೆ ತೆಗೆದು ಹಾಕ್ಕಂಡಿದ್ದು ಯಾತಕ್ಕೆ ಮತ್ತೆ?”

ಆಮೇಲೆ ಸರ, ಬಳೆ, ಮೂಗುತಿ, ವಂಕಿ. ಒಂದೊಂದಕ್ಕೂ ಹೋ ಎಂಬ ಉದ್ಗಾರ. ಪ್ರಸನ್ನ ಸದ್ದಿಲ್ಲದೆ ಜಾರಿಕೊಂಡು ಮನೆ ಸೇರಿದ. ಸ್ವಲ್ಪ ಹೊತ್ತಿಗೆ ಹೆಂಡತಿ ಗಂಗಾಂಬಿಕಾ ನಗುನಗುತ್ತಾ ಬಂದಳು.

“ರೀ, ಮುಂದಿನ ಭಾನುವಾರ ಹನುಮಕ್ಕನ ತಂಗಿ ಮಗಳ ನಿಶ್ಚಿತಾರ್ಥಕ್ಕೆ ನೀವೇ ಅಂತೆ. ಹೂಂ ಅಂದ್ಬುಟ್ಟೆ.”

“ನನ್ನ ಕೇಳ್ದೆ ಯಾಕೆ ಒಪ್ಕೊಂಡೆ?”

“ಬಯ್ಬೇಡಿ, ಊರು ಯಾವ್ದು ಗೊತ್ತಾ? ಕಗ್ಗಲಡು!”

ಪ್ರಸನ್ನ ಕೂತಲ್ಲಿಂದ ಚಂಗನೆ ಎದ್ದ. “ಕಗ್ಗಲಡುವಾ! ಮನೆ ಎಲ್ಲಂತೆ?”

“ಕೊಕ್ಕರೆ ಕೂರೋ ಹುಣಸೆಮರದ ಕೆಳಗೇ ಅಂತೆ. ನೀವೇನೂ ಯೋಚ್ನೆ ಮಾಡ್ಬೇಡಿ, ಹಕ್ಕಿ ಹಿಕ್ಕೆ ಒಡವೆ ಮೇಲೆ ಬೀಳ್ಬಾರ್ದು ಅಂತ ದಪ್ಪನೆ ಶಾಮಿಯಾನ ಹಾಕಿಸ್ತಾವ್ರೆ. ಬೆಳಿಗ್ಗೆಯಿಂದ ಕತ್ತಲಾಗೋವರ್ಗೂ ನಿಮಗೆ ಒಂದು ಎಲೇನೂ ಕಾಣಲ್ವಂತೆ!”