ದೇವದಾನಪ್ಪ ದೇವರಿಗೆ ಮಾತ್ರ ಹೇಳಿದ ವಿಷಯ

ಪಾಪಗಳಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದ ಪಾಪ, ಹೇಳಿಕೊಳ್ಳಲಾಗದ ಪಾಪ ಎಂದು ಎರಡು ಬಗೆ. ಇದನ್ನು ನಾನು ಯಾವ ಪ್ರಸಂಗದಲ್ಲೂ ಕೇಳಿದ್ದಲ್ಲ. ಡೊಂಬಿವಲಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಕುಳಿತು ಕಂಡುಕೊಂಡದ್ದು. ಸಾಕ್ಷಿ ಹೇಳುವ ಹೊತ್ತು ಬಂತೆಂದರೆ ನಮ್ಮ ಗಂಡಸರು ಒಬ್ಬೊಬ್ಬರಾಗಿ ಏಳುತ್ತಾರೆ. ಒಬ್ಬರಿಗೆ ಮುಂಗೋಪ. ಇನ್ನೊಬ್ಬರಿಗೆ ಬೆಳಗಿನ ಪ್ರಾರ್ಥನೆಗೆ ಏಳಲಾಗದ ಸೋಮಾರಿತನ. ಮತ್ತೊಬ್ಬರು ಲೋಕಲ್ ಟ್ರೇನಿನಲ್ಲಿ ಸೀಟಿಗಾಗಿ ಯಾರನ್ನೋ ಮೊಣಕೈಯಲ್ಲಿ ತಿವಿದರಂತೆ, ಆಮೇಲೆ ಬದಲಾಪುರದವರೆಗೂ ಅವರ ಮನಸ್ಸಾಕ್ಷಿ ಅವರನ್ನು ತಿವಿಯಿತಂತೆ. ಎಲ್ಲದಕ್ಕೂ ನಾವು ‘ಸ್ತೋತ್ರ’ ಎನ್ನುತ್ತೇವೆ. ಆದರೆ ಆ ಇನ್ನೊಂದು ವಿಷಯ, ಅಂದರೆ ಹೆಣ್ಣಿನ ಮೋಹ, ನಮ್ಮ ಸಭೆಯ ಒಬ್ಬ ಗಂಡಸನ್ನೂ ಈವರೆಗೆ ಕಾಡಿದ್ದಿಲ್ಲ. ನಮ್ಮ ಸಾಕ್ಷಿಗಳನ್ನಷ್ಟೇ ನಂಬುವುದಾದರೆ ನಮಗೆಲ್ಲ ಮಕ್ಕಳು ಹೇಗಾದವು ಎಂಬುದೇ ಒಂದು ಅದ್ಭುತ.

ಇದನ್ನು ಸರಿಪಡಿಸಲು ಹೊರಟವರು ನಮ್ಮ ಹೊಸ ಪಾಸ್ಟರು. ಬೆಂಗಳೂರಿನಲ್ಲಿ ಓದಿದವರು, ಎಳೆ ವಯಸ್ಸು, ಮಾತೆಲ್ಲ ನೇರ. ಗಂಡಸರ ಕೂಟದಲ್ಲಿ ಮೋಹವನ್ನು ಜಯಿಸುವ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಬೇಕು, ಇಬ್ಬಿಬ್ಬರನ್ನು ಜೋಡಿ ಮಾಡುತ್ತೇನೆ, ಒಬ್ಬರ ನಡತೆಗೆ ಇನ್ನೊಬ್ಬರು ಹೊಣೆ ಎಂದು ಸಾರಿದರು. ಗಂಡಸರೆಲ್ಲ ಏಕಕಾಲಕ್ಕೆ ಫ್ಯಾನನ್ನು ನೋಡತೊಡಗಿದರು. ಆರಾಧನೆ ಮುಗಿದ ಮೇಲೆ ಪಾಸ್ಟರು ನನ್ನ ಬಳಿ ಬಂದು, “ಅಂಕಲ್, ಮುಂದಿನ ಕೂಟದಲ್ಲಿ ಮೊದಲ ಮಾತು ನೀವೇ ಆಡ್ಬೇಕು” ಎಂದರು. ನಾನೇ ಯಾಕೆ ಎಂದು ಕೇಳಿದೆ. “ನಿಮ್ಮ ವಯಸ್ಸಿಗೆ ಇದೆಲ್ಲ ಮುಗಿದಿರುತ್ತಲ್ಲ ಅಂಕಲ್. ಬೇರೆಯವರು ಮಾತಾಡಿದ್ರೆ ಮುಜುಗರ ಆಗುತ್ತೆ” ಎಂದರು. ನನ್ನ ಜೀವಮಾನದಲ್ಲಿ ಇಷ್ಟು ವಿನಯದಿಂದ ಯಾರೂ ನನಗೆ ಅವಮಾನ ಮಾಡಿರಲಿಲ್ಲ. ನನಗೆ ಐವತ್ತು ದಾಟಿದೆ, ನಿಜ. ಮಂಡಿ ನೋವಿದೆ, ಅದೂ ನಿಜ. ಹಾಗೆಂದು ನನ್ನನ್ನು ಸೈತಾನನೂ ಕೈಬಿಟ್ಟಿದ್ದಾನೆ ಎಂದು ಇವರಿಗೆ ಹೇಳಿದವರು ಯಾರು?

ಸಿಟ್ಟು ಬರಲು ಇನ್ನೊಂದು ಕಾರಣವೂ ಇತ್ತು. ಮುಗಿದಿರಲಿಲ್ಲ. ಬೇಲಾಪುರದ ನಮ್ಮ ಆಫೀಸಿಗೆ ಕೆಲವು ತಿಂಗಳ ಹಿಂದೆ ಮೃಣಾಲ್ ಮ್ಯಾಡಮ್ ಎಂಬವರು ಬಂದು ನನ್ನ ಪಕ್ಕದ ಟೇಬಲ್ಲಿನಲ್ಲಿ ಕುಳಿತಿದ್ದರು. ಥಾಣೆಯ ಕೋಪರಿಯವರು, ಮರಾಠಿ ಮಾತಿನವರು, ನಲವತ್ತರ ಆಸುಪಾಸು. ಅವರು ಮಾಡಿದ ತಪ್ಪು ಒಂದೇ: ನನ್ನ ಜೋಕಿಗೆ ನಕ್ಕರು. ಅದೂ ಸುಮ್ಮನೆ ಅಲ್ಲ, ಚಹಾದ ಗ್ಲಾಸು ಕೆಳಗಿಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕರು. ನಗಿಸಬಲ್ಲೆ ಎಂದು ಗೊತ್ತಾದ ಗಂಡಸಿನಷ್ಟು ಅಪಾಯಕಾರಿ ಪ್ರಾಣಿ ಇನ್ನೊಂದಿಲ್ಲ. ಮಧ್ಯಾಹ್ನದ ಚಹಾ ನನ್ನ ದಿನದ ಮುಖ್ಯ ಕೆಲಸವಾಯಿತು. ತಲೆಗೆ ಬಣ್ಣ ಬಂತು. ಇಸ್ತ್ರಿ ಮಾಡಿದ ಅಂಗಿಗೆ ಮತ್ತೆ ಇಸ್ತ್ರಿ ಬಂತು. ಸಂಜೆ ಇಬ್ಬರಿಗೂ ಥಾಣೆಯ ಟ್ರೇನು. ಅವರು ಲೇಡೀಸ್ ಡಬ್ಬಿಗೆ ಹೋಗುತ್ತಿದ್ದರು, ನಾನು ಜನರ ನಡುವೆ ಕಂಬಿ ಹಿಡಿದು ನೇತಾಡುತ್ತಾ ಅವರ ಜತೆಗೇ ಪ್ರಯಾಣ ಮಾಡುತ್ತಿದ್ದೆ. ನೆರೂಳಿನಲ್ಲಿ ಬರೀ ಮಾತುಕತೆ. ಘನ್ಸೋಲಿ ಬರುವಾಗ ಮಳೆ, ಇಬ್ಬರಿಗೂ ಒಂದೇ ಕೊಡೆ. ಐರೋಲಿ ದಾಟುವಾಗ ಮಹಾಬಳೇಶ್ವರದಲ್ಲಿ ಹೋಟೆಲಿನ ರೂಮು. ಮುಂದಿನದ್ದನ್ನು ಬರೆಯುವುದಿಲ್ಲ, ಥಾಣೆಯಲ್ಲಿ ಇಳಿಯುವಾಗ ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ ಎಂದರೆ ಸಾಕು.

ಅವರು ಅಷ್ಟು ನಗುತ್ತಿದ್ದ ಜೋಕು ಯಾವುದು ಎಂದು ನೀವು ಕೇಳಬಹುದು. ಹೆಚ್ಚಿನವು ನನ್ನ ಹೆಂಡತಿ ಪ್ರಮೀಳಾಳ ಮೇಲಿನವು. ಅವಳು ಉಡುಪಿಯ ಕಡೆಯವಳು, ನನ್ನ ಹಾಗೆಯೇ. ಯಾವುದಕ್ಕೂ ಮೊದಲು ಪ್ರಾರ್ಥನೆ ಮಾಡುವವಳು. ಒಮ್ಮೆ ನಮ್ಮ ಬಿಲ್ಡಿಂಗಿನ ಲಿಫ್ಟು ಕೆಟ್ಟು ನಿಂತಾಗ ಅದರ ಬಾಗಿಲ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಪ್ರಾರ್ಥಿಸಿದಳು, ಲಿಫ್ಟು ಹೊರಟುಬಿಟ್ಟಿತು. ಅಂದಿನಿಂದ ಲಿಫ್ಟು ನಿಂತಾಗಲೆಲ್ಲ ನೆರೆಮನೆಯವರು ಮೆಕ್ಯಾನಿಕ್ಕನ್ನು ಕರೆಯುವ ಮೊದಲು ನಮ್ಮ ಬೆಲ್ ಒತ್ತುತ್ತಾರೆ. ಇದನ್ನು ನಾನು ಲಿಫ್ಟಿನ ಸದ್ದಿನ ಸಮೇತ ಅಭಿನಯಿಸಿ ತೋರಿಸುತ್ತಿದ್ದೆ. ಮೃಣಾಲ್ ಮ್ಯಾಡಮ್ ಬೇರೆಯವರನ್ನೂ ಕರೆದು, “ಅದೊಂದು ಮತ್ತೆ ಹೇಳಿ” ಎಂದು ಹೇಳಿಸಿದ್ದರು.

ಪಾಸ್ಟರು ನನಗೆ ಜೋಡಿ ಮಾಡಿದ್ದು ದೇವದಾನಪ್ಪನನ್ನು. ಕಲಬುರಗಿಯವನು, ಕಲ್ಯಾಣದ ಸುತ್ತಿನ ಗೋದಾಮುಗಳಿಗೆ ಲೋಡಿಂಗ್ ಆಳುಗಳನ್ನು ಒದಗಿಸುವ ಕಂತ್ರಾಟುದಾರ. ಲಾರಿಗಳ ಸದ್ದಿನ ಮೇಲೆ ಕೂಗಿ ಕೂಗಿ ಅವನ ಪಿಸುಮಾತೂ ಪ್ಲಾಟ್‌ಫಾರ್ಮ್ ದಾಟಿ ಕೇಳುತ್ತದೆ. ಭಾನುವಾರ ಸಭೆ ಬಿಟ್ಟ ಮೇಲೆ ವಡಾಪಾವ್ ಗಾಡಿಯ ಪಕ್ಕ ನನ್ನನ್ನು ನಿಲ್ಲಿಸಿಕೊಂಡು, “ಅಣ್ಣೋರೆ, ಪಾಸ್ಟರು ನಿಮ್ಮನ್ನ ನನಗ ಒಪ್ಪಿಸ್ಯಾರ. ಮನಸ್ಸು ನೆಟ್ಟಗದನೋ ಇಲ್ಲೋ, ಬಾಯಿ ಬಿಡ್ರಿ” ಎಂದ. ಮುಗಿದವನೆಂದು ಎಲ್ಲರೂ ತಿಳಿದಿರುವಾಗ ಒಬ್ಬನಾದರೂ ಅನುಮಾನ ಪಟ್ಟನಲ್ಲ ಎಂದು ನನಗೆ ಕರುಳು ಕರಗಿತು. ಎಲ್ಲ ಹೇಳಿಬಿಟ್ಟೆ. ಚಹಾ, ತಲೆಯ ಬಣ್ಣ, ಮಹಾಬಳೇಶ್ವರ. ದೇವದಾನಪ್ಪನ ಕಣ್ಣಲ್ಲಿ ನೀರು ಬಂತು. ನನ್ನ ಕೈ ಹಿಡಿದು, “ಹೆದರಬ್ಯಾಡ್ರಿ. ಯಾವ ಮನಷ್ಯಾನ ಮುಂದೂ ನಾ ಇದನ್ನ ಹೇಳಂಗಿಲ್ಲ” ಎಂದು ಮಾತು ಕೊಟ್ಟ.

ಮಾತು ಉಳಿಸಿಕೊಂಡ, ಅದನ್ನು ಒಪ್ಪಲೇಬೇಕು. ಅವನು ಯಾವ ಮನುಷ್ಯನಿಗೂ ಹೇಳಲಿಲ್ಲ. ದೇವರಿಗೆ ಹೇಳಿದ. ಹೇಳಿದ್ದು ಮಾತ್ರ ಶುಕ್ರವಾರ ಸಂಜೆ, ನಮ್ಮದೇ ಮನೆಯಲ್ಲಿ, ಮನೆಕೂಟಕ್ಕೆ ಬಂದು ಸೋಫಾ, ನೆಲ, ಅಡುಗೆಮನೆಯ ಹೊಸಿಲು ಎಲ್ಲ ತುಂಬಿ ಕುಳಿತಿದ್ದ ಜನರ ನಡುವೆ, ಗಟ್ಟಿಯಾಗಿ. ನಮ್ಮ ಮನೆಕೂಟದಲ್ಲಿ ಕಣ್ಣು ಮುಚ್ಚಿ, ಒಬ್ಬರಾದ ಮೇಲೆ ಒಬ್ಬರು ಬಾಯಿಬಿಟ್ಟೇ ಪ್ರಾರ್ಥಿಸುವುದು ಪದ್ಧತಿ. ದೇವದಾನಪ್ಪನ ಸರದಿ ಬಂತು. “ಕರ್ತನೇ, ಈ ಮನೀ ಯಜಮಾನನ್ನ ನಿನ್ನ ಪಾದಕ್ಕ ತರ್ತೀನಿ ತಂದೆ! ಬೇಲಾಪುರದ ಆಫೀಸಿನಾಗ ಒಬ್ಬ ಹೆಣ್ಣಮಗಳ ಮ್ಯಾಲ ಇವರ ಮನಸ್ಸು ಹೋಗ್ಯದ ತಂದೆ! ಆಕಿ ಕೂಡ ಚಾ ಕುಡಿಯೋ ಆಸೆ ಬೇರು ಸಮೇತ ಕಿತ್ತು ಹಾಕು! ತಲಿಗಿ ಬಣ್ಣ ಹಚ್ಚಸೋ ಆತ್ಮವನ್ನ ಕಟ್ಟಿಹಾಕು ತಂದೆ!” ನಮ್ಮವರು ಅಭ್ಯಾಸಬಲದಿಂದ ಪ್ರತಿ ವಾಕ್ಯಕ್ಕೂ ‘ಆಮೆನ್, ಆಮೆನ್’ ಎಂದರು. ಅರ್ಥವಾಗುತ್ತ ಹೋದಂತೆ ಆಮೆನ್‌ಗಳು ಕಮ್ಮಿಯಾಗಲಿಲ್ಲ, ಜೋರಾದವು. ಅಷ್ಟು ಏಕಾಗ್ರತೆಯ ಪ್ರಾರ್ಥನೆ ನಮ್ಮ ಮನೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ. ನಾನು ಒಂದು ಕಣ್ಣು ತೆರೆದು ಪ್ರಮೀಳಾಳನ್ನು ನೋಡಿದೆ. ಅವಳ ಎರಡೂ ಕಣ್ಣು ಮುಚ್ಚಿದ್ದವು. ತುಟಿಯೂ ಮುಚ್ಚಿತ್ತು.

ಕೊನೆಯ ಪ್ರಾರ್ಥನೆ ಮನೆಯೊಡತಿಯದು. ಅಯ್ಯೋ ದೇವರೇ, ಇದೊಂದು ಪದ್ಧತಿ ಯಾರು ಮಾಡಿದರೋ! ನಮ್ಮಿಬ್ಬರ ನಡುವೆ ಜಗಳಕ್ಕೆ ತುಳು, ವ್ಯವಹಾರಕ್ಕೆ ಮಾಮೂಲಿ ಕನ್ನಡ, ಪ್ರಾರ್ಥನೆಗೆ ಮಾತ್ರ ಅಚ್ಚುಕಟ್ಟಾದ ಗ್ರಂಥದ ಕನ್ನಡ. ಆ ಕನ್ನಡದಲ್ಲೇ ಅವಳು ನಿಧಾನವಾಗಿ ಹೇಳಿದಳು: “ಕರ್ತನೇ, ನಮ್ಮ ಮನೆಗೆ ಬಂದ ಸಹೋದರ ಸಹೋದರಿಯರಿಗಾಗಿ ಸ್ತೋತ್ರ. ಈಗ ಸೇವಿಸಲಿರುವ ಉಪ್ಪಿಟ್ಟನ್ನು ಆಶೀರ್ವದಿಸು. ನನ್ನ ಗಂಡನು ದೇವದಾನಪ್ಪನವರಿಗೆ ಹೇಳಿದ್ದನ್ನು ನನಗೂ ಹೇಳುವ ಧೈರ್ಯವನ್ನು ಅವರಿಗೆ ದಯಪಾಲಿಸು. ಬೇಲಾಪುರದ ಆ ಸಹೋದರಿಯನ್ನೂ ಕಾಪಾಡು. ಆಮೆನ್.” ಯಾರಿಗೂ ಗಂಟಲಲ್ಲಿ ಉಪ್ಪಿಟ್ಟು ಇಳಿಯಲಾರದು ಎಂದುಕೊಂಡೆ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ದೇವದಾನಪ್ಪ ಹೋಗುವಾಗ ನನ್ನ ಬೆನ್ನು ತಟ್ಟಿ, “ಭಾರ ಇಳೀತಲ್ರಿ?” ಎಂದು ಕೇಳಿದ.

ಬಾಗಿಲು ಹಾಕಿ ಬಂದು ಪ್ರಮೀಳಾ ಎದುರು ಕುಳಿತಳು. ತುಳುವಿನಲ್ಲಿ ಬೈದಿದ್ದರೆ ವಾಸಿಯಿತ್ತು. ಕನ್ನಡದಲ್ಲಿ ಮೆಲ್ಲಗೆ, “ಹೇಳಿ” ಎಂದಳು. ಅಂಥದ್ದೇನಿಲ್ಲ, ಸೈತಾನನ ಶೋಧನೆ, ಬರೀ ಪ್ರಲೋಭನೆ ಅಷ್ಟೆ ಎಂದೆ. “ಸೈತಾನನ ಹತ್ರ ಬೇಲಾಪುರದ ರೈಲ್ವೆ ಪಾಸ್ ಉಂಟಾ? ಪಾಸ್ ನಿಮ್ಮದಲ್ವಾ?” ಎಂದಳು. ತಲೆಗೆ ಬಣ್ಣ ತಂದದ್ದೂ ನಾನೇ, ದಿನಾ ಘನ್ಸೋಲಿಯಲ್ಲಿ ಮಳೆ ತರಿಸಿದ್ದೂ ನಾನೇ. ಎಲ್ಲ ಹೇಳಿದೆ, ಮಹಾಬಳೇಶ್ವರವನ್ನೂ ಬಿಡಲಿಲ್ಲ. ಅವಳು ಕಣ್ಣೊರೆಸಿಕೊಂಡಳು. “ಅವಳಿಗೆ ಗೊತ್ತುಂಟಾ ಇದು?” ಎಂದು ಕೇಳಿದಳು. ಇಲ್ಲ ಎಂದೆ. “ಮತ್ತೆ ದಿನಾ ಎಂತ ಮಾತಾಡ್ತಿದ್ರಿ ಅವಳತ್ರ?” ಇಲ್ಲಿ ನನಗೆ ಸ್ವಲ್ಪ ಉಸಿರು ಬಂತು. ಇದೊಂದು ಉತ್ತರವಾದರೂ ಅವಳಿಗೆ ಸಮಾಧಾನ ತರಬಹುದು ಎಂದು, “ಎಂತ ಇಲ್ಲ ಮಾರಾಯ್ತಿ, ನಿನ್ನದೇ ಸುದ್ದಿ. ಆ ಲಿಫ್ಟಿನ ಕತೆ ಕೇಳಿ ಎಷ್ಟು ನಗ್ತಾರೆ ಗೊತ್ತುಂಟಾ” ಎಂದೆ.

ಅವಳ ಮುಖ ನೋಡಿ ನನ್ನ ನಗು ಅಲ್ಲೇ ನಿಂತಿತು. “ಲಿಫ್ಟಿಂದಾ? ಒಳಗೆ ಅತ್ತೆ ಇದ್ರು ಅಂತ ಹೇಳಿದ್ರಾ?” ಎಂದಳು. ಹೇಳಿರಲಿಲ್ಲ. ಅಂದು ನನ್ನ ಅಮ್ಮನಿಗೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪುತ್ತಿತ್ತು. ಕುರ್ಚಿಯಲ್ಲಿ ಕೂರಿಸಿ ಪ್ರಮೀಳಾ ಒಬ್ಬಳೇ ಲಿಫ್ಟಿನೊಳಗೆ ತಂದಾಗ ಅದು ನಿಂತುಹೋಗಿತ್ತು. ನಾನು ಆಫೀಸಿನಲ್ಲಿದ್ದೆ. ಅಮ್ಮ ಬದುಕಿ ಬಂದರು, ಹಾಗಾಗಿ ನನಗೆ ಅದು ಕತೆಯಾಗಿತ್ತು. ಕುರ್ಚಿಯನ್ನೂ ಅಮ್ಮನನ್ನೂ ನಾನೇ ತೆಗೆದಿದ್ದೆ. ಅವರಿದ್ದರೆ ಯಾರೂ ನಗುತ್ತಿರಲಿಲ್ಲ. “ನೀವು ಅವಳನ್ನು ನೋಡಿದ್ದು ಬೇಜಾರಿಲ್ಲ ಅಂತ ನಾನು ಹೇಳುದಿಲ್ಲ. ಬೇಜಾರುಂಟು, ತುಂಬ ಉಂಟು. ಆದ್ರೆ ನನ್ನನ್ನು ಕೊಟ್ಟು ಅವಳ ನಗು ತಗೊಂಡ್ರಲ್ಲ, ಅದು ಹೇಗೆ ಮನಸ್ಸು ಬಂತು ನಿಮಗೆ?” ಎಂದಳು. ನನಗೆ ಬಹಳ ನಾಚಿಕೆಯಾಯಿತು. ಮೋಹವನ್ನು ಎದುರಿಸಲು ಉಪವಾಸ, ಪ್ರಾರ್ಥನೆ ಎಂದೆಲ್ಲ ಯೋಚಿಸಿದ್ದೆ. ಮಹಾಬಳೇಶ್ವರದ ರೂಮಿನ ಬಾಡಿಗೆಯನ್ನು ಮನೆಯಲ್ಲಿರುವವಳು ಕಟ್ಟುತ್ತಿದ್ದಾಳೆ ಎಂದು ಮಾತ್ರ ಹೊಳೆದಿರಲಿಲ್ಲ.

ಮರುವಾರ ಚಹಾದ ಹೊತ್ತಿಗೆ ಮೃಣಾಲ್ ಮ್ಯಾಡಮ್‌ಗೆ ಲಿಫ್ಟಿನ ಕತೆಯನ್ನು ಪೂರ್ತಿ ಹೇಳಿದೆ, ಅಮ್ಮನ ಸಮೇತ. ಅವರು ಗ್ಲಾಸು ಕೆಳಗಿಟ್ಟರು, ನಗಲಿಲ್ಲ. “ಮಗ್ ತುಮ್ಹೀ ಕಾ ಹಸತ್ ಹೋತಾ?” ಎಂದು ಕೇಳಿದರು. ಹಾಗಾದರೆ ನೀವು ಯಾಕೆ ನಗುತ್ತಿದ್ದಿರಿ ಎಂದು. ಅಂದಿನಿಂದ ಚಹಾ ಬರೀ ಚಹಾ ಆಯಿತು. ಸಕ್ಕರೆ ಜಾಸ್ತಿ ಹಾಕುತ್ತಾರೆ ಎಂಬುದೂ ಆಗಲೇ ತಿಳಿದದ್ದು. ಮನೆಗೆ ಬಂದು ಇದನ್ನೂ ಹೇಳಿದೆ. ಅಷ್ಟು ದಿನ ನನ್ನ ತಟ್ಟೆಗೆ ಬಡಿಸಿ ಒಳಗೆ ಹೋಗುತ್ತಿದ್ದ ಪ್ರಮೀಳಾ ಅಂದು ತನ್ನ ತಟ್ಟೆಯನ್ನೂ ತಂದು ಪಕ್ಕದಲ್ಲಿ ಕುಳಿತಳು. ನನಗೆ ಅಳು ಬಂತು, ತಪ್ಪನ್ನು ಮೀನಿನ ಮುಳ್ಳಿನ ಮೇಲೆ ಹಾಕಿದೆ.

ಗಂಡಸರ ಕೂಟದಲ್ಲಿ ನಾನು ಮೊದಲ ಮಾತು ಆಡಿದೆ. ಮನಸ್ಸು ಈಗಲೂ ನೆರೂಳ್ ದಾಟಿದ ಮೇಲೆ ಚೇಷ್ಟೆ ಮಾಡುವುದುಂಟು, ಆಗ ಮನೆಗೆ ಫೋನ್ ಮಾಡಿ ಕೊತ್ತಂಬರಿ ಸೊಪ್ಪು ಬೇಕಾ ಎಂದು ಕೇಳುತ್ತೇನೆ. ಕೊತ್ತಂಬರಿ ಸೊಪ್ಪೂ ಮಹಾಬಳೇಶ್ವರವೂ ಒಂದೇ ತಲೆಯಲ್ಲಿ ಉಳಿಯಲಾರವು ಎಂದೆ. ನಮ್ಮ ನಮ್ಮ ಕಣ್ಣಿಗೆ ನಾವೇ ಜವಾಬ್ದಾರರು, ಮನೆಯಲ್ಲಿರುವವರನ್ನು ಹೊರಗೆ ಅಗ್ಗವಾಗಿ ಮಾರಬಾರದು ಎಂದೆ. ಬಹಳ ಹೊತ್ತು ಎಲ್ಲರೂ ಇನ್ನೂ ಏನೋ ಬಾಕಿಯಿದೆ ಎಂಬಂತೆ ಕಾದರು. ಕೊನೆಗೆ ಹಿಂದಿನಿಂದ ಒಬ್ಬರು, “ಇಷ್ಟೇನಾ? ಸಿನಿಮಾಕ್ಕೂ ಹೋಗ್ಲಿಲ್ವಾ?” ಎಂದರು. ಇಲ್ಲ ಎಂದೆ. ಇಡೀ ಕೂಟಕ್ಕೆ ನಿರಾಶೆಯಾಯಿತು. ಪಾಸ್ಟರು ಮಾತ್ರ “ಅಂಕಲ್” ಎನ್ನುವುದನ್ನು ಬಿಟ್ಟು ಈಗ “ಬ್ರದರ್” ಎನ್ನುತ್ತಾರೆ, ಅಷ್ಟು ಲಾಭ.

ಈ ಪ್ರಬಂಧವನ್ನು ಕಳಿಸುವ ಮೊದಲು ಪ್ರಮೀಳಾಳ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದಳು. ತನ್ನ ವಿಷಯದ ಎರಡು ಪ್ರಸಂಗಗಳ ಮೇಲೆ ಪೆನ್ನಿನಿಂದ ಗೀಟು ಎಳೆದು, “ಇವೆರಡು ಬೇಡ. ಉಳಿದದ್ದು ಹಾಕ್ಬಹುದು” ಎಂದು ವಾಪಸು ಕೊಟ್ಟಳು. ಸರಿ ಎಂದೆ, ತೆಗೆದೆ. ಆದರೆ ಓದುಗರೇ, ನಿಮ್ಮಲ್ಲಿ ಮುಚ್ಚಿಡುವುದೇಕೆ, ಆ ಎರಡರಷ್ಟು ನಗು ಬರುವ ಪ್ರಸಂಗ ನಮ್ಮ ಮನೆಯಲ್ಲಿ ಇನ್ನೊಂದು ನಡೆದಿಲ್ಲ. ಅದರಲ್ಲೂ ಎರಡನೆಯದು! ಬರೀ ನಾಲ್ಕು ಸಾಲು, ಬರೆದರೆ ನೀವು ಕಣ್ಣೊರೆಸಿಕೊಂಡು ನಗುತ್ತೀರಿ. ಪೆನ್ನು ಕೈಯಲ್ಲೇ ಇದೆ, ಅವಳು ಅಡುಗೆಮನೆಯಲ್ಲಿದ್ದಾಳೆ, ನೋಡುವವರು ಯಾರೂ ಇಲ್ಲ. ತಾಳಿ, ಒಂದು ನಿಮಿಷ, ದೇವದಾನಪ್ಪನಿಗೆ ಫೋನ್ ಮಾಡಿ ಬರುತ್ತೇನೆ.